ಹದಿಮೂರನೆಯ ಹಾಡು ಎಲ್ಲಿ?

"ಮಾಮು, ನೀವು ಎಲ್ಲದರಲ್ಲೂ ರಾಜಕೀಯ ಹುಡುಕ್ತೀರಿ. ನಾನು ಬರೀ ಗಿಟಾರ್ ಕೇಳ್ತೀನಿ" ಎಂದ ನನ್ನ ಅಕ್ಕನ ಮಗ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡ ಹಾಡಿದಾಗ ಅವನು ಆ ಜನಸಾಗರದ ನಡುವೆ ಇದ್ದ. ಎರಡು ದಿನ ಮೊದಲು ಗುರಗಾಂವ್‌ನಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿ ಅಲ್ಲಿ ಕುರ್ಚಿ, ಬ್ಯಾರಿಕೇಡುಗಳು ಮುರಿದಿದ್ದವು. ಇಲ್ಲೂ ಹಾಗೇ ಆದೀತೆಂದು ಅಕ್ಕ ರಾತ್ರಿಯೆಲ್ಲ ಫೋನ್ ಹಿಡಿದು ಕೂತಿದ್ದಳು. ಹುಡುಗ ಮಾತ್ರ ಗಂಟಲು ಕಟ್ಟಿಸಿಕೊಂಡು, ಮೈಯೆಲ್ಲ ಧೂಳು ಮಾಡಿಕೊಂಡು, ಹಜ್‌ನಿಂದ ಬಂದವನ ಹಾಗೆ ತೃಪ್ತನಾಗಿ ಮನೆಗೆ ಬಂದ. ಅದೇ ಹುಡುಗ ಆ ತಂಡದ '72 ಸೀಸನ್ಸ್' ಆಲ್ಬಂ ಅನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟು ಕೇಳಲೇಬೇಕೆಂದು ಹಟ ಹಿಡಿದ. ಕೇಳಿದೆ, ಒಂದಲ್ಲ, ಹಲವು ಸಲ. ಕೇಳಿದ ಮೇಲೆ ನಾನು ಹೇಳಿದ ಮಾತಿಗೆ ಅವನು ಕೊಟ್ಟ ಉತ್ತರ ಮೇಲಿನದು. ಈ ಲೇಖನ ಅವನಿಗೆ ನನ್ನ ಮಾರುತ್ತರ. ಅವನಂತೆ ಯೋಚಿಸುವ ಅನೇಕರಿಗೂ, ಅವನಿಗೆ ತದ್ವಿರುದ್ಧವಾಗಿ ಯೋಚಿಸುವ ನಮ್ಮ ಕೆಲವು ಹಿರಿಯರಿಗೂ ಇದು ಉತ್ತರವಾಗಬಹುದು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಮೆಟಾಲಿಕಾ 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೊ ಭಾಗದಲ್ಲಿ ಬೆಳೆದ ತಂಡ. ಡೆನ್ಮಾರ್ಕ್‌ನಿಂದ ಬಂದ ಲಾರ್ಸ್ ಉಲ್ರಿಚ್ ಎಂಬ ಡ್ರಮ್ ಬಾರಿಸುವ ಹುಡುಗ, ಜೇಮ್ಸ್ ಹೆಟ್‌ಫೀಲ್ಡ್ ಎಂಬ ಹಾಡುವ ಹುಡುಗ ಸೇರಿ ಕಟ್ಟಿದ್ದು. ಬ್ರಿಟನ್ನಿನ ಮೆಟಲ್ ಸಂಗೀತದ ಭಾರ, ಪಂಕ್ ಸಂಗೀತದ ವೇಗ ಎರಡನ್ನೂ ಬೆರೆಸಿದಾಗ ಹುಟ್ಟಿದ್ದಕ್ಕೆ ಥ್ರ್ಯಾಶ್ ಮೆಟಲ್ ಎಂದು ಹೆಸರು. ಗಿಟಾರಿನ ತಂತಿಗಳ ಬುಡಕ್ಕೆ ಅಂಗೈಯ ಅಂಚನ್ನು ಒತ್ತಿಟ್ಟು, ಪಿಕ್ಕನ್ನು ಕೆಳಮುಖವಾಗಿಯೇ ಎಡೆಬಿಡದೆ ಬೀಸುವುದು ಅದರ ಮುಖ್ಯ ವರಸೆ. ನಾದ ಹರಡಿಕೊಳ್ಳಲು ಬಿಡದೆ ಕತ್ತರಿಸಿ ಕತ್ತರಿಸಿ ಎಸೆದಂತೆ ಕೇಳುತ್ತದೆ. ಹೆಟ್‌ಫೀಲ್ಡ್‌ನ ಬಲಗೈ ಈ ಕಲೆಯಲ್ಲಿ ಉಸ್ತಾದನ ಕೈ. ಅದರಲ್ಲಿ ನನಗೆ ಅನುಮಾನವಿಲ್ಲ.

'72 ಸೀಸನ್ಸ್' ಬಂದದ್ದು 2023ರ ಏಪ್ರಿಲ್ 14ರಂದು. ಹನ್ನೆರಡು ಹಾಡು, ಎಪ್ಪತ್ತೇಳು ನಿಮಿಷ. ಹಳದಿ ಹಿನ್ನೆಲೆಯ ಮೇಲೆ ಸುಟ್ಟು ಕರಕಲಾದ ಮಗುವಿನ ಮಂಚವೊಂದರ ಚಿತ್ರ ಅದರ ರಕ್ಷಾಪುಟ. ಮರುವರ್ಷ ಶೀರ್ಷಿಕೆ ಹಾಡಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಎಪ್ಪತ್ತೆರಡು ಋತುಗಳೆಂದರೆ ಮನುಷ್ಯನ ಬದುಕಿನ ಮೊದಲ ಹದಿನೆಂಟು ವರ್ಷ. ಆ ಅವಧಿಯಲ್ಲಿ ತಂದೆ ತಾಯಿ, ಮನೆ, ಊರು ನಮ್ಮೊಳಗೆ ತುಂಬಿದ್ದನ್ನೇ ಉಳಿದ ಆಯುಷ್ಯವೆಲ್ಲ ಹೊತ್ತು ತಿರುಗುತ್ತೇವೆ, ದೊಡ್ಡವರಾಗುವುದೆಂದರೆ ಆ ಹೊರೆಯ ಜೊತೆ ಲೆಕ್ಕ ಚುಕ್ತಾ ಮಾಡಿಕೊಳ್ಳುವುದು ಎಂಬುದು ಹೆಟ್‌ಫೀಲ್ಡ್‌ನ ವಿಚಾರ. ಅವರ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಋತು. ನಮ್ಮಲ್ಲಿ ಆರು. ನಮ್ಮ ಲೆಕ್ಕದಲ್ಲಿ ಎಪ್ಪತ್ತೆರಡು ಋತುಗಳಿಗೆ ಹನ್ನೆರಡೇ ವರ್ಷ. ಬಡವರ ಮಕ್ಕಳ ಬಾಲ್ಯ ಹನ್ನೆರಡಕ್ಕೇ ಮುಗಿಯುವ ದೇಶಕ್ಕೆ ಈ ಲೆಕ್ಕವೇ ಸರಿಯೇನೋ.

ಮೊದಲು ಆಲ್ಬಂನ ಋಣ ತೀರಿಸುತ್ತೇನೆ. ಅರವತ್ತರ ಹೊಸ್ತಿಲಲ್ಲಿರುವ, ಕೋಟಿಗಟ್ಟಲೆ ಹಣವಿರುವ ಒಬ್ಬ ಗಂಡಸು ತನ್ನ ಭಯ, ಕುಡಿತ, ಆತ್ಮಹತ್ಯೆಯ ಯೋಚನೆಗಳ ಬಗ್ಗೆ ಲಕ್ಷಾಂತರ ಜನರ ಮುಂದೆ ಬಾಯಿಬಿಟ್ಟು ಹಾಡುವುದು ಸಣ್ಣ ಸಂಗತಿಯಲ್ಲ. ಹೆಟ್‌ಫೀಲ್ಡ್‌ನ ಬಾಲ್ಯ ಸುಖದ್ದಲ್ಲ. ಮನೆಯವರು ಕ್ರಿಶ್ಚಿಯನ್ ಸೈನ್ಸ್ ಎಂಬ ಪಂಥಕ್ಕೆ ಸೇರಿದವರು. ಪ್ರಾರ್ಥನೆಯೇ ಔಷಧಿ, ಡಾಕ್ಟರು ಬೇಡ ಎನ್ನುವ ನಂಬಿಕೆ ಅವರದು. ಹದಿಮೂರನೆಯ ವಯಸ್ಸಿನಲ್ಲಿ ತಂದೆ ಮನೆ ಬಿಟ್ಟು ಹೋದರು. ಹದಿನಾರರಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬಸ್ಸು ಉರುಳಿ ತಂಡದ ಬಾಸ್ ವಾದಕ ಕ್ಲಿಫ್ ಬರ್ಟನ್ ಸತ್ತ. 2001ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಹೆಟ್‌ಫೀಲ್ಡ್ ವ್ಯಸನಮುಕ್ತಿ ಕೇಂದ್ರ ಸೇರಬೇಕಾಯಿತು. ಈ ಎಲ್ಲವೂ ಆಲ್ಬಂನೊಳಗೆ ಕರಗಿವೆ. 'ಲಕ್ಸ್ ಎಟರ್ನಾ' ಎಂಬ ಮೂರೂವರೆ ನಿಮಿಷದೊಳಗಿನ ಹಾಡು 1983ರ ಅವರ ಮೊದಲ ಆಲ್ಬಂನ ಹುಡುಗರನ್ನು ಎಬ್ಬಿಸಿ ತಂದು ನಿಲ್ಲಿಸಿದಂತಿದೆ. ಕೊನೆಯದಾದ 'ಇನಾಮೊರಾಟಾ' ಹನ್ನೊಂದು ನಿಮಿಷ ಮೀರುತ್ತದೆ, ಅವರು ಮಾಡಿದ ಹಾಡುಗಳಲ್ಲೆಲ್ಲ ಉದ್ದನೆಯದು. ದುಃಖವನ್ನೇ ಪ್ರೇಯಸಿ ಎಂದು ಕರೆದು, ಅವಳನ್ನು ಬಿಡಲಾರದೆ ಇಟ್ಟುಕೊಳ್ಳಲೂ ಆರದೆ ಒದ್ದಾಡುವ ಹಾಡು. ಉರ್ದು ಶಾಲೆಯಲ್ಲಿ ಗಝಲ್ ಓದಿ ಬೆಳೆದವರಿಗೆ ಈ 'ಗಮ್' ಹೊಸಬಳಲ್ಲ. ಆರ್ಭಟದ ಆ ಸಂಗೀತದ ಒಳಗೆ ನಮ್ಮ ಹಳೆಯ ಗಝಲಿನ ನೆರಳು ಕಂಡು ನಾನು ನಿಜಕ್ಕೂ ಖುಷಿಪಟ್ಟೆ.

ಹಾಗಾದರೆ ನನ್ನ ತಕರಾರೇನು? ಹನ್ನೆರಡು ಹಾಡುಗಳಲ್ಲೂ ನಾನು, ನನ್ನದು, ನನ್ನ ಕತ್ತಲೆ, ನನ್ನ ಕಿರೀಟ, ನನ್ನ ಕನ್ನಡಿ. ಮಾಟಗಾತಿಯರೆಂದು ಹೆಣ್ಣುಮಕ್ಕಳನ್ನು ಸುಟ್ಟ ಕಾಲವನ್ನು ನೆನಪಿಸುವ ಹಾಡೊಂದಿದೆ. ಅದರಲ್ಲೂ ಬೆರಳು ಕೊನೆಗೆ ತಿರುಗುವುದು ಒಳಕ್ಕೇ. ಹನ್ನೊಂದನೆಯ ಹಾಡಿನ ಹೆಸರೇ 'ರೂಮ್ ಆಫ್ ಮಿರರ್ಸ್', ಕನ್ನಡಿಗಳ ಕೋಣೆ. ಇಡೀ ಆಲ್ಬಂ ಹಾಗೆಯೇ ಒಂದು ಶೀಶ್ ಮಹಲ್. ಎತ್ತ ತಿರುಗಿದರೂ ಕಾಣುವುದು ಒಬ್ಬನೇ ಮನುಷ್ಯ. ಕನ್ನಡಿಯಿಂದಲೇ ಕಟ್ಟಿದ ಕೋಣೆಗೆ ಕಿಟಕಿ ಇರುವುದಿಲ್ಲ. ಒಳನೋಟ ತಪ್ಪಲ್ಲ. ಆದರೆ ನಲವತ್ತು ವರ್ಷಗಳ ಬಾಳನ್ನು ತಿರುಗಿ ನೋಡಿ ತನ್ನ ಪಾಪಗಳ ಪಟ್ಟಿ ಮಾಡುತ್ತೇನೆಂದು ಕೂತವನು ಕಿಟಕಿಯಾಚೆ ತನ್ನದೇ ದನಿಯಿಂದ ನಡೆದದ್ದನ್ನು ಪಟ್ಟಿಯಿಂದ ಬಿಟ್ಟರೆ ಕೇಳುಗನಾದ ನಾನು ಕೇಳಲೇಬೇಕು: ಹದಿಮೂರನೆಯ ಹಾಡು ಎಲ್ಲಿ?

ಕಿಟಕಿಯಾಚೆ ನಡೆದದ್ದು ಇದು. 2003ರ ಮೇ ತಿಂಗಳಲ್ಲಿ, ಬಾಗ್ದಾದ್ ಬಿದ್ದು ಎರಡು ತಿಂಗಳು ಕಳೆಯುವುದರೊಳಗೆ, ಇರಾಕಿನ ಬಂದಿಗಳ ಬಾಯಿ ಬಿಡಿಸಲು ಅಮೆರಿಕದ ಸೇನೆ ಮೆಟಾಲಿಕಾದ ಹಾಡುಗಳನ್ನು ಕಿವಿ ಹರಿಯುವಷ್ಟು ಜೋರಾಗಿ ಗಂಟೆಗಟ್ಟಲೆ ಹಾಕುತ್ತಿದೆಯೆಂಬುದನ್ನು ಬಿಬಿಸಿ ವರದಿ ಮಾಡಿತು. ಜೊತೆಗೆ ಪುಟ್ಟ ಮಕ್ಕಳ ಟಿವಿ ಕಾರ್ಯಕ್ರಮದ ಹಾಡುಗಳನ್ನೂ ಹಾಕುತ್ತಿದ್ದರು. ಈ ಜನ ಹೆವಿ ಮೆಟಲ್ ಕೇಳಿದವರಲ್ಲ, ತಡೆದುಕೊಳ್ಳಲಾರರು, ಇಪ್ಪತ್ತನಾಲ್ಕು ಗಂಟೆ ಹಾಕಿದರೆ ಮೆದುಳೂ ಮೈಯೂ ಹಿಡಿತ ತಪ್ಪುತ್ತವೆ ಎಂಬ ಅರ್ಥದಲ್ಲಿ ಅಲ್ಲಿನ ಸೈನಿಕನೊಬ್ಬ ವಿವರಿಸಿದ್ದ. ಬಳಸಿದ ಹಾಡುಗಳಲ್ಲಿ ಒಂದು 1991ರ 'ಎಂಟರ್ ಸ್ಯಾಂಡ್‌ಮನ್'. ಅದು ಮಗುವೊಂದನ್ನು ಮಲಗಿಸುವ ಹೊತ್ತಿನ ಹಾಡು, ನಿದ್ದೆಯ ಭಯ, ಕೆಟ್ಟ ಕನಸುಗಳ ಹಾಡು. ಮಗುವಿನ ನಿದ್ದೆಯ ಹಾಡನ್ನು ಮನುಷ್ಯರ ನಿದ್ದೆ ಕೆಡಿಸಲು ಬಳಸಿದರು. ಇದು ಒಂದೆರಡು ಸೈನಿಕರ ಪುಂಡಾಟವೆಂದು ತಿಳಿಯಬೇಡಿ. 2014ರ ಡಿಸೆಂಬರಿನಲ್ಲಿ ಹೊರಬಿದ್ದ ಅಮೆರಿಕ ಸೆನೆಟ್ಟಿನ ವರದಿ ಸಿಐಎಯ ಗುಪ್ತ ಸೆರೆಮನೆಯೊಂದನ್ನು ವರ್ಣಿಸಿದೆ: ಕಗ್ಗತ್ತಲು, ಒಂಟಿ ಕೋಣೆ, ಸರಪಳಿ, ಮಲಮೂತ್ರಕ್ಕೆ ಒಂದು ಬಕೆಟ್ಟು, ಮತ್ತು ಎಡೆಬಿಡದ ಸದ್ದು ಅಥವಾ ಸಂಗೀತ. ಮೈಮೇಲೆ ಒಂದೂ ಗಾಯ ಕಾಣದಂತೆ ಮನುಷ್ಯನನ್ನು ಒಡೆಯುವ ಹತಾರ ಇದು. ಕೋರ್ಟಿನಲ್ಲಿ ಅಂಗಿ ಬಿಚ್ಚಿ ತೋರಿಸಲು ಬರೆ ಇರುವುದಿಲ್ಲ.

ಇದನ್ನು ಕೇಳಿದ ಹೆಟ್‌ಫೀಲ್ಡ್ ಏನೆಂದ? 2004ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊ ಅವನನ್ನು ಈ ಬಗ್ಗೆ ಕೇಳಿತು. ಅವರು ನಮ್ಮ ಸಂಗೀತವನ್ನೇ ಆರಿಸಿಕೊಂಡರಲ್ಲ ಎಂದು ತನ್ನ ಒಂದು ಮನಸ್ಸಿಗೆ ಹೆಮ್ಮೆ ಎಂದ. ನಮ್ಮನ್ನು ರಾಜಕೀಯಕ್ಕೆ ಗಂಟು ಹಾಕುತ್ತಾರಲ್ಲ ಎಂದು ಇನ್ನೊಂದು ಮನಸ್ಸಿಗೆ ಬೇಸರವಂತೆ. ನಾವು ನಮ್ಮ ತಂದೆತಾಯಿಯರನ್ನು, ಹೆಂಡಂದಿರನ್ನು ಈ ಸಂಗೀತದಿಂದ ಶಿಕ್ಷಿಸುತ್ತಲೇ ಬಂದಿದ್ದೇವೆ, ಇರಾಕಿಗಳಿಗೇನು ವಿನಾಯಿತಿ ಎಂದು ತಮಾಷೆಯೂ ಆಯಿತು. ಇರಾಕಿಗಳಿಗೆ ಸ್ವಾತಂತ್ರ್ಯದ ಅಭ್ಯಾಸವಿಲ್ಲದಿದ್ದರೆ ಅದರ ಪರಿಚಯ ಮಾಡಿಸುವುದರಲ್ಲಿ ತನಗೂ ಪಾಲಿರುವುದು ಸಂತೋಷ ಎಂಬ ಧಾಟಿಯ ಮಾತೂ ಅವನ ಹೆಸರಿನಲ್ಲಿ ಪತ್ರಿಕೆಗಳಲ್ಲಿ ಬಂದಿದೆ. ಕೈಕಟ್ಟಿ ಕೂರಿಸಿದವನ ಕಿವಿಗೆ ಸುರಿದದ್ದು ಸ್ವಾತಂತ್ರ್ಯವಂತೆ! ತಂಡದ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ಈ ಬಳಕೆಗೆ ತಮ್ಮ ಬೆಂಬಲವಿಲ್ಲವೆಂದು ಉಲ್ರಿಚ್ ಮುಂದೆ ಹೇಳಿದ್ದುಂಟು. ತಮ್ಮ ಹಾಡು ಬಳಸಬೇಡಿರೆಂದು ಮೆಟಾಲಿಕಾ ಕೇಳಿಕೊಂಡಿತ್ತೆಂದು 2013ರಲ್ಲಿ ಅಮೆರಿಕದ ಮಾಜಿ ಕಮಾಂಡೊ ಒಬ್ಬ ಪತ್ರಿಕೆಯೊಂದಕ್ಕೆ ಹೇಳಿದ್ದ, ಅದೂ ಅವರನ್ನು ಗೇಲಿ ಮಾಡುತ್ತ. ಕೇಳಿಕೊಂಡದ್ದು ನಿಜವೇ ಆಗಿದ್ದರೆ ಒಳ್ಳೆಯದೇ. ಆದರೆ ಹೆಮ್ಮೆಯನ್ನು ರೇಡಿಯೊದಲ್ಲಿ ಹೇಳಿ, ಬೇಡವೆಂಬುದನ್ನು ಕಿವಿಯಲ್ಲಿ ಹೇಳುವುದು ಯಾವ ನ್ಯಾಯ?

ಗಟ್ಟಿಯಾಗಿ ಮಾತಾಡಲು ಈ ತಂಡಕ್ಕೆ ಬರುವುದಿಲ್ಲವೆಂದು ಯಾರೂ ಹೇಳುವಂತಿಲ್ಲ. 2000ದಲ್ಲಿ ನ್ಯಾಪ್‌ಸ್ಟರ್ ಎಂಬ ಇಂಟರ್‌ನೆಟ್ ಸೌಲಭ್ಯದ ಮೂಲಕ ಹುಡುಗರು ಅವರ ಹಾಡುಗಳನ್ನು ಕಾಸಿಲ್ಲದೆ ಹಂಚಿಕೊಳ್ಳತೊಡಗಿದಾಗ ಅವರು ಏನು ಮಾಡಿದರೆಂಬುದು ಜಗತ್ತಿಗೆ ಗೊತ್ತು. ಏಪ್ರಿಲ್‌ನಲ್ಲಿ ಮೊಕದ್ದಮೆ ಹೂಡಿದರು. ಮೇ ತಿಂಗಳಲ್ಲಿ ಮೂರು ಲಕ್ಷ ಮೂವತ್ತೈದು ಸಾವಿರಕ್ಕೂ ಹೆಚ್ಚು ಕೇಳುಗರ ಪಟ್ಟಿಯನ್ನು ಕಾಗದದ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಉಲ್ರಿಚ್ ಖುದ್ದಾಗಿ ಆ ಕಂಪನಿಯ ಬಾಗಿಲಿಗೆ ಹೋದ. ಜುಲೈನಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿದ. ನಮ್ಮ ಹಾಡನ್ನು ನಮ್ಮನ್ನು ಕೇಳದೆ ಯಾರೂ ಬಳಸಬಾರದು ಎಂಬುದು ಅವನ ವಾದದ ತಿರುಳು. ಸರಿಯಾದ ವಾದವೇ. ಬರಹಗಾರನಾಗಿ ನನಗೂ ಅದರಲ್ಲಿ ಸಹಮತವಿದೆ. ಆದರೆ ಮೂರು ವರ್ಷದ ನಂತರ ಅದೇ ಹಾಡುಗಳನ್ನು ಅವರನ್ನು ಕೇಳದೆ ಒಂದು ಸೇನೆ ಬಳಸಿತು. ಪೆಟ್ಟಿಗೆ ಹೊತ್ತುಕೊಂಡು ಪೆಂಟಗನ್ನಿನ ಬಾಗಿಲಿಗೆ ಯಾರೂ ಹೋಗಲಿಲ್ಲ. ತಮ್ಮನ್ನು ಪ್ರೀತಿಸುವ ಹದಿನೆಂಟರ ಹುಡುಗನ ಮೇಲೆ ವಕೀಲರನ್ನು ಬಿಟ್ಟವರು ತಮ್ಮ ಹಾಡಿನಿಂದ ಮನುಷ್ಯರನ್ನು ಹಿಂಸಿಸಿದವರ ಮೇಲೆ ಒಂದು ನೋಟೀಸನ್ನೂ ಬಿಡಲಿಲ್ಲ. ಕಾಸು ಕೊಡದವನು ಕಳ್ಳ, ಹಿಂಸೆ ಕೊಟ್ಟವನು ಅಭಿಮಾನಿ!

ಬೇರೆಯವರೂ ಹೀಗೇ ಸುಮ್ಮನಿದ್ದರೇ? ಇಲ್ಲ. 2009ರ ಅಕ್ಟೋಬರಿನಲ್ಲಿ ಪರ್ಲ್ ಜ್ಯಾಮ್, ಆರ್.ಇ.ಎಂ. ತಂಡಗಳು, ಟಾಮ್ ಮೊರೆಲ್ಲೊ, ಟ್ರೆಂಟ್ ರೆಜ್ನರ್ ಮುಂತಾದವರು ಗ್ವಾಂಟನಾಮೊ ಮುಚ್ಚಬೇಕೆಂಬ ಚಳವಳಿಯ ಜೊತೆ ನಿಂತರು. ಯಾವ ಯಾವ ಹಾಡುಗಳನ್ನು ಹಿಂಸೆಗೆ ಬಳಸಿದ್ದೀರಿ, ದಾಖಲೆ ಕೊಡಿ ಎಂದು ಅವರ ಪರವಾಗಿ ಮಾಹಿತಿ ಹಕ್ಕಿನ ಅರ್ಜಿ ಹೋಯಿತು. ಆ ಪಟ್ಟಿಯಲ್ಲಿ ಮೆಟಾಲಿಕಾ ಇರಲಿಲ್ಲ. 2014ರಲ್ಲಿ ಕೆನಡಾದ ಸ್ಕಿನ್ನಿ ಪಪ್ಪಿ ಎಂಬ ತಂಡ ಗ್ವಾಂಟನಾಮೊದಲ್ಲಿ ತನ್ನ ಸಂಗೀತ ಬಳಸಿದ್ದಕ್ಕೆ ಅಮೆರಿಕ ಸರ್ಕಾರದ ಹೆಸರಿಗೆ 6,66,000 ಡಾಲರಿನ ಬಿಲ್ಲು ಬರೆಯಿತು. ಹಣ ಬರುವುದಿಲ್ಲವೆಂದು ಅವರಿಗೂ ಗೊತ್ತು. ಆದರೆ ಒಂದು ಬಿಲ್ಲು ಬರೆಯುವುದೂ ಒಂದು ಕೃತಿಯೇ.

ಈ ಮೌನ ನನಗೆ ಹೆಚ್ಚು ನೋಯುವುದಕ್ಕೆ ಕಾರಣ ಈ ತಂಡ ಮೊದಲಿನಿಂದ ಹೀಗಿರಲಿಲ್ಲ ಎಂಬುದು. ಇಪ್ಪತ್ತರ ಆಸುಪಾಸಿನ ಬಡ ಹುಡುಗರಾಗಿದ್ದಾಗ ಅವರು ಬರೆದದ್ದು ಅಣುಯುದ್ಧದ ಬಗ್ಗೆ, ವಿದ್ಯುತ್ ಕುರ್ಚಿಯಲ್ಲಿ ಕೂತು ಸಾಯುವ ಕೈದಿಯ ಬಗ್ಗೆ, ಸೂತ್ರದ ಬೊಂಬೆಗಳಂತೆ ಯುದ್ಧಕ್ಕೆ ದೂಡಲ್ಪಡುವ ಸೈನಿಕರ ಬಗ್ಗೆ, ಹಣಕ್ಕೆ ಮಾರಿಕೊಂಡ ನ್ಯಾಯದ ಬಗ್ಗೆ. 1988ರ 'ಒನ್' ಎಂಬ ಹಾಡು ಡಾಲ್ಟನ್ ಟ್ರಂಬೊ 1939ರಲ್ಲಿ ಬರೆದ ಯುದ್ಧವಿರೋಧಿ ಕಾದಂಬರಿಯಿಂದ ಹುಟ್ಟಿದ್ದು. ಕೈ, ಕಾಲು, ಕಣ್ಣು, ಕಿವಿ, ಬಾಯಿ ಎಲ್ಲ ಕಳೆದುಕೊಂಡ ಸೈನಿಕನೊಬ್ಬ ತನ್ನ ದೇಹದೊಳಗೇ ಸೆರೆಯಾಗಿ ಬಿದ್ದಿರುವ ಕತೆ. ಸೆರೆಯಲ್ಲಿರುವ ಮನುಷ್ಯನೊಳಗೆ ಏನು ನಡೆಯುತ್ತದೆಂದು ಅಷ್ಟು ಆಳವಾಗಿ ಊಹಿಸಿದ ಈ ಜನಕ್ಕೆ ಇರಾಕಿನ ಕೋಣೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತವನನ್ನು ಊಹಿಸುವುದು ಕಷ್ಟವಾಯಿತೆ? ಇಪ್ಪತ್ತೈದನೇ ವಯಸ್ಸಿನಲ್ಲಿದ್ದ ಕಣ್ಣು ಅರವತ್ತಕ್ಕೆ ಎಲ್ಲಿ ಹೋಯಿತು?

ಇಲ್ಲಿ ನಮ್ಮವರ ಕಡೆಗೆ ತಿರುಗಬೇಕು. ಇದನ್ನೆಲ್ಲ ಹೇಳಿದಾಗ ನಮ್ಮ ಮೊಹಲ್ಲಾದ ಹಿರಿಯರೊಬ್ಬರು, "ಅದು ಶೈತಾನನ ಸಂಗೀತ, ಅದರಿಂದ ಇನ್ನೇನು ನಿರೀಕ್ಷಿಸುತ್ತೀರಿ? ಮಕ್ಕಳಿಗೆ ಕೇಳಬೇಡಿ ಅನ್ನಿ, ಮುಗೀತು" ಎಂದರು. ಮುಗಿಯುವುದಿಲ್ಲ, ಚಾಚಾ. ಸಂಗೀತವೇ ಶೈತಾನನಾದರೆ ಗುಂಡಿ ಒತ್ತಿದ ಕೈ ತಪ್ಪಿಸಿಕೊಳ್ಳುತ್ತದೆ. ಅದೇ 2003ರ ಮಾರ್ಚಿಯಲ್ಲಿ, ಇರಾಕಿನ ಮೇಲೆ ಬಾಂಬು ಬೀಳುವ ಮುನ್ನ, ಮೊರಾಕೊದ ಕಾಸಾಬ್ಲಾಂಕಾ ನಗರದಲ್ಲಿ ಹದಿನಾಲ್ಕು ಮಂದಿ ಯುವಕರಿಗೆ ಮೆಟಲ್ ಸಂಗೀತ ನುಡಿಸಿದ್ದಕ್ಕೆ, ಕೇಳಿದ್ದಕ್ಕೆ ಜೈಲು ಶಿಕ್ಷೆಯಾಯಿತು. ತಲೆಬುರುಡೆಯ ಚಿತ್ರವಿದ್ದ ಕರಿ ಟೀ ಶರ್ಟುಗಳೂ ಕೋರ್ಟಿನಲ್ಲಿ ಸಾಕ್ಷಿಯಾದವು. ಜನ ಬೀದಿಗಿಳಿದು ಪ್ರತಿಭಟಿಸಿದ ಮೇಲೆ ಮೇಲ್ಮನವಿಯಲ್ಲಿ ಬಹುಪಾಲು ಹುಡುಗರು ಬಿಡುಗಡೆಯಾದರು. ಒಂದು ಕಡೆ ಕೇಳಿದವರಿಗೆ ಜೈಲು, ಇನ್ನೊಂದು ಕಡೆ ಜೈಲಿನಲ್ಲಿದ್ದವರಿಗೆ ಕೇಳಿಸುವ ಶಿಕ್ಷೆ. ಎರಡೂ ಕಡೆ ಪ್ರಭುತ್ವಕ್ಕೆ ಬೇಕಾಗಿದ್ದದ್ದು ಒಂದೇ: ಯಾರು ಏನು ಕೇಳಬೇಕೆಂಬುದನ್ನು ತಾನು ತೀರ್ಮಾನಿಸುವ ಅಧಿಕಾರ.

ಜೋರು ಸದ್ದೇ ಕ್ರೌರ್ಯ ಎನ್ನುವುದಾದರೆ ನಮ್ಮೂರ ಮೊಹರಂ ಏನು? ಖತಲ್ ರಾತ್ರಿ ಅಲಾಯಿ ಗುಂಡಿಯ ಸುತ್ತ ಬೆಳಗಿನವರೆಗೆ ಹಲಗೆ ಬಡಿಯುತ್ತಾರೆ. ಎದೆಗೂಡು ನಡುಗುತ್ತದೆ. ಹಿಂದೂ ಮುಸ್ಲಿಂ ಎನ್ನದೆ ಊರಿಗೆ ಊರೇ ಅಲ್ಲಿರುತ್ತದೆ. ಆ ಸದ್ದಿನಲ್ಲಿ ಅಳು ಹಗುರಾಗುತ್ತದೆ. ಅರಮನೆ ಮೈದಾನದಲ್ಲಿ ನನ್ನ ಅಳಿಯನಿಗೆ ಆದದ್ದೂ ಅದೇ ಬಗೆಯದೆಂದು ನಾನು ನಂಬುತ್ತೇನೆ. ಯಾಕೆಂದರೆ ಅಲ್ಲಿಗೆ ಹೋದವನು ತಾನಾಗಿ ಹೋದ, ಸಾಕೆನಿಸಿದರೆ ಎದ್ದು ಬರಬಹುದಿತ್ತು. ಆಯ್ದುಕೊಂಡ ಸದ್ದಿಗೂ ಹೇರಿದ ಸದ್ದಿಗೂ ಇರುವ ವ್ಯತ್ಯಾಸ ಡೆಸಿಬಲ್ಲಿನದಲ್ಲ, ಬಾಗಿಲಿನದು. 2022ರಲ್ಲಿ ನಮ್ಮ ರಾಜ್ಯದಲ್ಲಿ ಧ್ವನಿವರ್ಧಕದ ಜಗಳ ಎದ್ದಾಗ ಇದು ನಮಗೆಲ್ಲ ಅರ್ಥವಾಗಬೇಕಿತ್ತು. ಮಸೀದಿಯ ಮುಂದೆ ಬೇಕೆಂದೇ ನಿಲ್ಲುವ ಡಿಜೆ ಗಾಡಿಯವರ ಭಕ್ತಿಯನ್ನು ನಾನು ನಂಬುವುದಿಲ್ಲ. ಹಾಗೆಯೇ, ಪಕ್ಕದ ಮನೆಯಲ್ಲಿ ಜ್ವರದ ಮಗು ಮಲಗಿದೆ, ಸ್ವಲ್ಪ ಕಮ್ಮಿ ಮಾಡಿ ಎಂದು ಯಾರಾದರೂ ಕೇಳಿದರೆ ದನಿ ಹೆಚ್ಚಿಸುವ ನಮ್ಮವರ ಭಕ್ತಿಯನ್ನೂ ನಂಬುವುದಿಲ್ಲ.

ಇನ್ನು, ಈ ಜನ ಹೆವಿ ಮೆಟಲ್ ಕೇಳಿದವರಲ್ಲ ಎಂಬ ಸೈನಿಕನ ಮಾತು. ಅದು ಅಪ್ಪಟ ಅಜ್ಞಾನ. ಅಮೆರಿಕದ ಟ್ಯಾಂಕುಗಳು ಬರುವ ಮೊದಲೇ, 2001ರಲ್ಲಿ, ಬಾಗ್ದಾದಿನಲ್ಲಿ ಅಕ್ರಾಸಿಕಾಡಾ ಎಂಬ ಥ್ರ್ಯಾಶ್ ಮೆಟಲ್ ತಂಡ ಹುಟ್ಟಿತ್ತು. ಆರ್ಥಿಕ ದಿಗ್ಬಂಧನದ ಆ ದಿನಗಳಲ್ಲಿ, ಸದ್ದಾಮನ ಕಣ್ಗಾವಲಿನಲ್ಲಿ, ಅವನನ್ನು ಹೊಗಳುವ ಹಾಡೊಂದನ್ನು ಕಟ್ಟಿ ಜೀವ ಉಳಿಸಿಕೊಂಡು ಆ ಹುಡುಗರು ಗಿಟಾರ್ ನುಡಿಸುತ್ತಿದ್ದರು. ಯುದ್ಧ ಅವರ ಅಭ್ಯಾಸದ ಕೋಣೆಯನ್ನೂ ನುಂಗಿತು. ಸಿರಿಯಾಕ್ಕೆ, ಅಲ್ಲಿಂದ ಟರ್ಕಿಗೆ, ಕೊನೆಗೆ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದರು. ಅವರ ಮೇಲೆ 2007ರಲ್ಲಿ ಸಾಕ್ಷ್ಯಚಿತ್ರವೊಂದು ಬಂತು. 2009ರಲ್ಲಿ ನ್ಯೂಜೆರ್ಸಿಯಲ್ಲಿ ಮೆಟಾಲಿಕಾ ಕಾರ್ಯಕ್ರಮಕ್ಕೆ ಹೋದ ಈ ಹುಡುಗರಿಗೆ ಹೆಟ್‌ಫೀಲ್ಡ್ ತನ್ನ ಗಿಟಾರೊಂದನ್ನು ಸಹಿ ಹಾಕಿ ಕೊಟ್ಟ, ಅಮೆರಿಕಕ್ಕೆ ಸ್ವಾಗತ ಎಂದು ಬರೆದು. ಇದನ್ನು ಮರೆಮಾಚಿದರೆ ನಾನು ಅಪ್ರಾಮಾಣಿಕನಾದೇನು. ಆ ಮನುಷ್ಯನ ಎದೆಯಲ್ಲಿ ಅಂತಃಕರಣವಿದೆ. ಎದುರಿಗೆ ಬಂದು ನಿಂತ ಇರಾಕಿ ಹುಡುಗನನ್ನು ಅವನು ತಬ್ಬಿಕೊಳ್ಳಬಲ್ಲ. ಎದುರಿಗೆ ಬರಲಾಗದೆ ಕೈಕಟ್ಟಿಸಿಕೊಂಡು ಕೂತ ಇರಾಕಿ ಮಾತ್ರ ಅವನಿಗೆ ತಮಾಷೆಯ ವಸ್ತು. ಕಣ್ಣಿಗೆ ಕಾಣದವನ ಬಗ್ಗೆ ಮರುಗುವುದೇ ಕಲೆಯ ಕೆಲಸವಲ್ಲವೆ? ಕಣ್ಣಿಗೆ ಕಂಡವನಿಗೆ ಮರುಗಲು ಕಲಾವಿದನೇ ಆಗಬೇಕೆಂದಿಲ್ಲ.

"ಕತ್ತಿ ಮಾಡಿದ ಕಮ್ಮಾರನನ್ನು ಕೊಲೆಗೆ ಹೊಣೆ ಮಾಡ್ತೀರಾ?" ಎಂದು ಅಳಿಯ ಕೇಳಿದ. ಇಲ್ಲ. ಆದರೆ ನಮ್ಮ ಕತ್ತಿಯನ್ನೇ ಆರಿಸಿಕೊಂಡರೆಂದು ಕಮ್ಮಾರ ಹೆಮ್ಮೆಪಟ್ಟರೆ? ಈ ಹೆಮ್ಮೆ ಎಂಥದೆಂದು ನನಗೆ ಗೊತ್ತು. ಹಾಗಾಗಿಯೇ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ.

ಹಲವು ವರ್ಷಗಳ ಹಿಂದೆ ನಾನೊಂದು ಕತೆ ಬರೆದೆ. ಮೂರು ಮಾತಿನಲ್ಲಿ ಗಂಡನಿಂದ ಹೊರಹಾಕಿಸಿಕೊಂಡ ಹೆಂಗಸಿನ ಕತೆ. ಅದು ನನ್ನ ಖಾಲಾಳ ಬದುಕು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು. ಕತೆ ಪ್ರಕಟವಾಗಿ ಸ್ವಲ್ಪ ದಿನಕ್ಕೆ ಒಂದು ಸಭೆಯಲ್ಲಿ ಅದನ್ನು ಪೂರ್ತಿಯಾಗಿ ಓದಿದರೆಂದು ತಿಳಿಯಿತು. ನನಗೆ ಹಿಗ್ಗೋ ಹಿಗ್ಗು. ಯಾವ ಸಭೆ, ಯಾರು ಓದಿದರು, ಯಾಕೆ ಓದಿದರೆಂದು ಕೇಳಲಿಲ್ಲ. ಅಷ್ಟೊಂದು ಕತೆಗಾರರಿರುವಾಗ ನನ್ನ ಕತೆಯನ್ನೇ ಆರಿಸಿಕೊಂಡರಲ್ಲ! ಆಮೇಲೆ ಗೊತ್ತಾಯಿತು. ನೋಡಿ, ಇವರು ಇಂಥ ಜನ, ಇವರವನೇ ಬರೆದಿದ್ದಾನೆ ಎಂದು ಜನರಿಗೆ ತೋರಿಸಲು, ನಮ್ಮನ್ನು ಊರಿನಿಂದಲೇ ಅಟ್ಟಬೇಕೆನ್ನುವವರು ಓದಿದ್ದರು. ಸಭೆ ಮುಗಿದ ಮೇಲೆ ಹೊರಟವರು ದಾರಿಯಲ್ಲಿ ಒಬ್ಬ ಮುದುಕನ ಬಾಳೆಹಣ್ಣಿನ ಗಾಡಿ ಉರುಳಿಸಿದ್ದರು. ವಿಷಯ ಖಾಲಾಳ ಕಿವಿಗೆ ಬಿತ್ತು. ಓದು ಬಾರದ ಆಕೆ ನನ್ನನ್ನು ಕರೆಸಿ ಕೂರಿಸಿಕೊಂಡು ಒಂದೇ ಮಾತು ಕೇಳಿದಳು: "ಬೇಟಾ, ನನ್ನ ಕಣ್ಣೀರು ನಿನ್ನ ಹತ್ತಿರ ಇರಲಿ ಅಂತ ಕೊಟ್ಟಿದ್ದೆ. ಅವರ ಕೈಗೆ ಹೇಗೆ ಹೋಯ್ತು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಕತೆ ಸುಳ್ಳಲ್ಲ, ಅದರ ಒಂದು ಅಕ್ಷರವನ್ನೂ ಇವತ್ತಿಗೂ ನಾನು ಹಿಂದಕ್ಕೆ ಪಡೆಯುವುದಿಲ್ಲ. ಆ ಅನ್ಯಾಯದ ಬಗ್ಗೆ ಮತ್ತೆ ಬರೆದೇನು. ಆದರೆ ಅಂದು ರಾತ್ರಿ ಕೂತು ಪತ್ರಿಕೆಗೊಂದು ಪತ್ರ ಬರೆದೆ. ಈ ಕತೆ ಒಬ್ಬ ಹೆಂಗಸಿನ ಪರವಾಗಿ ಬರೆದದ್ದು, ಒಂದು ಜನದ ವಿರುದ್ಧ ಬರೆದದ್ದಲ್ಲ, ಇದನ್ನು ಹೀಗೆ ಬಳಸಿದವರು ಆ ಹೆಂಗಸಿಗೆ ಎರಡನೆಯ ಸಲ ಅನ್ಯಾಯ ಮಾಡಿದ್ದಾರೆ ಎಂದು. ಅದರಿಂದ ಬಾಳೆಹಣ್ಣಿನ ಗಾಡಿ ಎದ್ದು ನಿಲ್ಲಲಿಲ್ಲ. ಕೆಲವು ಕಡೆಯಿಂದ ಬರುತ್ತಿದ್ದ ಆಮಂತ್ರಣಗಳು ನಿಂತವು. ಆದರೂ ಖಾಲಾಳ ಮನೆಯ ಚಹಾ ಕುಡಿಯುವ ಯೋಗ್ಯತೆ ಉಳಿಯಿತು. ಹಾಡು ಕಟ್ಟಿದವನ ಕೈಯಿಂದ ಹಾಡು ಹೋಗಿಬಿಡುತ್ತದೆ, ನಿಜ. ಆದರೆ ಬಾಯಿ ಅವನದೇ ಆಗಿ ಉಳಿಯುತ್ತದೆ.

ಎಪ್ಪತ್ತೆರಡು ಋತುಗಳ ಇನ್ನೊಂದು ಲೆಕ್ಕ ಹೇಳುತ್ತೇನೆ. ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಬಂದ 1986ರಲ್ಲೇ, ಕ್ಲಿಫ್ ಬರ್ಟನ್ ಸತ್ತ ಸೆಪ್ಟೆಂಬರ್ ತಿಂಗಳಲ್ಲೇ, ಕೆನಡಾದ ಟೊರಾಂಟೊದಲ್ಲಿ ಒಮರ್ ಖಾದರ್ ಎಂಬ ಮಗು ಹುಟ್ಟಿತು. ತಂದೆ ಅವನನ್ನು ಅಫ್ಘಾನಿಸ್ತಾನದ ಯುದ್ಧದೊಳಕ್ಕೆ ಎಳೆದೊಯ್ದ. 2002ರ ಜುಲೈನಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಮೈತುಂಬ ಗಾಯವಾಗಿ ಅಮೆರಿಕದ ಸೇನೆಗೆ ಸಿಕ್ಕಿಬಿದ್ದ. ಗ್ರೆನೇಡ್ ಎಸೆದು ಸೈನಿಕನೊಬ್ಬನನ್ನು ಕೊಂದನೆಂಬುದು ಅವನ ಮೇಲಿನ ಆರೋಪ. ಬಾಗ್ರಾಮ್, ಆಮೇಲೆ ಗ್ವಾಂಟನಾಮೊ. ಅವನ ಎಪ್ಪತ್ತೆರಡನೆಯ ಋತು ಮುಗಿದದ್ದು 2004ರ ಸೆಪ್ಟೆಂಬರಿನಲ್ಲಿ, ಆ ಸೆರೆಮನೆಯಲ್ಲಿ. ಹೆಟ್‌ಫೀಲ್ಡ್ ರೇಡಿಯೊದಲ್ಲಿ ಹೆಮ್ಮೆಯ ಮಾತಾಡಿದ ವರ್ಷವೇ ಅದು. ಕೆನಡಾಕ್ಕೆ ಅವನು ಮರಳಿದ್ದು 2012ರಲ್ಲಿ. 2017ರಲ್ಲಿ ಕೆನಡಾ ಸರ್ಕಾರ ಅವನ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ತಂದೆತಾಯಿಯ ನಂಬಿಕೆ ಮಗುವಿನ ಬದುಕನ್ನು ಹೇಗೆ ಮುರಿಯುತ್ತದೆಂದು ಬಲ್ಲ ಹೆಟ್‌ಫೀಲ್ಡ್‌ಗೆ ಈ ಹುಡುಗನಷ್ಟು ಹತ್ತಿರದ ನೆಂಟ ಬೇರೆ ಯಾರಿದ್ದಾರೆ? ರಕ್ಷಾಪುಟದ ಮೇಲಿನ ಸುಟ್ಟ ಮಂಚ ಇವನದೂ ಆಗಬಹುದಿತ್ತು. ಬಾಂಬು ಬಿದ್ದ ಬಾಗ್ದಾದಿನ ಎಷ್ಟೋ ಮನೆಗಳಲ್ಲಿ ಆ ಚಿತ್ರ ಚಿತ್ರವಾಗಿರಲಿಲ್ಲ.

2023ರ ಡಿಸೆಂಬರ್ 14ರಂದು, ಈ ಆಲ್ಬಂನ ಪ್ರವಾಸದ ವರ್ಷದಲ್ಲಿ, ಮೆಟಾಲಿಕಾ ಸೌದಿಯ ರಿಯಾದ್‌ನಲ್ಲಿ ಹಾಡಿತು. 2018ರವರೆಗೆ ದಶಕಗಳ ಕಾಲ ಒಂದು ಸಿನಿಮಾ ಥಿಯೇಟರಿಗೂ ಅವಕಾಶವಿಲ್ಲದಿದ್ದ ದೇಶ ಅದು. ಹಣವಿದ್ದರೆ ಶೈತಾನನೂ ಅತಿಥಿಯಾಗುತ್ತಾನೆ, ರಾಜಕೀಯ ಬೇಡವೆನ್ನುವ ತಂಡವೂ ಅರಮನೆಗೆ ಹೊಸ ಬಣ್ಣ ಬಳಿಯಲು ಒದಗುತ್ತದೆ. 1984ರಲ್ಲಿ ಇದೇ ತಂಡ ಮೂಸಾ ಮತ್ತು ಫಿರ್‌ಔನನ ಕತೆಯ ಮೇಲೆ ಒಂದು ಹಾಡು ಕಟ್ಟಿತ್ತು. ಈಜಿಪ್ಟಿನ ಮೇಲೆ ಎರಗಿದ ಸಾವಿನ ಹಾಡು, ಗುಲಾಮರ ಬಿಡುಗಡೆಯ ಹಾಡು. ಆ ಕತೆ ಗೊತ್ತಿದ್ದವರಿಗೆ ಯಾರ ಕೈಯಲ್ಲಿ ಕೋಲಿದೆ, ಯಾರ ಕೈಯಲ್ಲಿ ಕೊರಡೆ ಇದೆ ಎಂಬುದೂ ಗೊತ್ತಿರಬೇಕು.

ನಾನು ಈ ಆಲ್ಬಂ ಅನ್ನು ಸುಡಿ ಎನ್ನುತ್ತಿಲ್ಲ. ಸುಡುವವರು ಬೇಕಾದಷ್ಟಿದ್ದಾರೆ. ಕೇಳಬೇಡಿ ಎಂದೂ ಹೇಳುವುದಿಲ್ಲ, ನಾನೇ ಇನ್ನೂ ಕೇಳುತ್ತಿದ್ದೇನೆ. ಹೆಟ್‌ಫೀಲ್ಡ್ ಮುಸ್ಲಿಮರ ಕ್ಷಮೆ ಕೇಳಬೇಕೆಂಬ ಹಟವೂ ನನಗಿಲ್ಲ. ತನ್ನ ಬಾಲ್ಯದ ಕತ್ತಲೆಗೆ ಹನ್ನೆರಡು ಹಾಡು ಕೊಟ್ಟವನು ತನ್ನ ಹಾಡಿನಿಂದ ಬೇರೆಯವರ ಕೋಣೆಯಲ್ಲಿ ಕವಿದ ಕತ್ತಲೆಗೆ ಒಂದನ್ನು ಕೊಡಲಿ, ಹಾಡಾಗದಿದ್ದರೆ ಒಂದು ನೇರವಾದ ವಾಕ್ಯವನ್ನಾದರೂ ಕೊಡಲಿ ಎನ್ನುತ್ತೇನೆ. ಅವನ ಬಲಗೈಗೆ ಇನ್ನೂ ಶಕ್ತಿಯಿದೆ, ಆಲ್ಬಂ ಕೇಳಿದವರಿಗೆ ಅದು ಗೊತ್ತು.

ಇದನ್ನೆಲ್ಲ ಬರೆದು ಅಳಿಯನಿಗೆ ಓದಿಸಿದೆ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾಮು, 'ಎಂಟರ್ ಸ್ಯಾಂಡ್‌ಮನ್' ಬಂದಾಗ ಮೈದಾನದಲ್ಲಿ ನಾವೆಲ್ಲ ಒಟ್ಟಿಗೆ ಹಾರಿದ್ವಿ. ಅದನ್ನ ನಾನು ಕಳೆದುಕೊಳ್ಳಬೇಕಾ?" ಎಂದ. ಬೇಡ, ಮಗನೇ, ಅದು ನಿನ್ನದು. ಆದರೆ ಅದೇ ಹಾಡಿಗೆ ಹಾರಲಾಗದೆ, ಕಿವಿ ಮುಚ್ಚಿಕೊಳ್ಳಲು ಕೈಯೂ ಇಲ್ಲದೆ ಕೂತಿದ್ದ ಒಬ್ಬನನ್ನು ಮುಂದಿನ ಸಲ ಕೇಳುವಾಗ ನಿನ್ನ ಪಕ್ಕದಲ್ಲಿ ಕೂರಿಸಿಕೋ. ಹಾಡು ಕಟ್ಟಿದವರು ಅವನಿಗೆ ಜಾಗ ಕೊಡದಿದ್ದರೆ ಕೇಳುವವರಾದರೂ ಕೊಡೋಣ.